ಆಟದ ಟೀಚರ್ ಮೇಲೆ ಬಂದ ಪತ್ರ

"ಮಗು ಬಿದ್ದಿದೆ, ನೀವು ಸುಮ್ನೆ ನಿಂತು ನೋಡ್ತಿದ್ದೀರಾ?"

ಗೇಟು ತಳ್ಳಿ ನುಗ್ಗಿದ ಆ ಅಪರಿಚಿತನಿಗೆ ಅವಳು ಕೈ ಅಡ್ಡ ಹಿಡಿದಳು.

"ಅಲ್ಲೇ ನಿಲ್ಲಿ. ಎತ್ತಬೇಡಿ."

"ನಾನು ಅವಳ ಚಿಕ್ಕಪ್ಪ."

"ಆಗಿರಿ. ಅವಳೇ ಏಳ್ತಾಳೆ."

ಅವಳು ಶಿಶುವಿಹಾರದ ಆಟದ ಟೀಚರ್. ಅಂಗಳದಲ್ಲಿ ಹನ್ನೆರಡು ಮಕ್ಕಳು ದೊಡ್ಡ ಬೆಡ್‌ಶೀಟಿನ ಅಂಚು ಹಿಡಿದು, ಅದರ ಮೇಲಿನ ಚೆಂಡು ಬೀಳದಂತೆ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದರು. ಎಡವಿದವಳು ಗುಬ್ಬಿ. ಶಾಲೆಗೆ ಸೇರಿ ಮೂರು ತಿಂಗಳಾದರೂ ಯಾರೊಂದಿಗೂ ತುಟಿ ಬಿಚ್ಚದವಳು.

ಪಕ್ಕದ ಮಗು ಕೈ ಚಾಚಿತು. ಗುಬ್ಬಿ ಅದನ್ನು ಹಿಡಿದು ಎದ್ದಳು.

"ಚೆಂಡು ಬಿತ್ತಾ?" ಎಂದು ಕೇಳಿದಳು.

ಚಿಕ್ಕಪ್ಪ ಕಲ್ಲಿನಂತೆ ನಿಂತುಬಿಟ್ಟ. ನಂತರ ಸರಕ್ಕನೆ ತಿರುಗಿ ಹೊರಟುಹೋದ.

'ಸಾರಿ ಅಂದಿದ್ರೆ ಇವನ ಗಂಟೇನು ಹೋಗ್ತಿತ್ತು?' ಅವಳ ಮೈ ಉರಿಯಿತು.

ಆದರೆ ಮರುದಿನದಿಂದ ಅವನು ಗುಬ್ಬಿಯನ್ನು ಕರೆದೊಯ್ಯಲು ಬೇಗ ಬಂದು ಗೋಡೆಗೊರಗಿ ಆಟ ನೋಡತೊಡಗಿದ. ಅವನದು ಗಡಿಯಾರ ರಿಪೇರಿ ಅಂಗಡಿ. ಒಂದು ದಿನ ಹನ್ನೆರಡು ಪುಟ್ಟ ಮರಳಿನ ಚೀಲ ತಂದುಕೊಟ್ಟ.

"ತಲೆ ಮೇಲಿಟ್ಕೊಂಡು ನಡೆಯೋ ಆಟಕ್ಕೆ. ನಾನೇ ಹೊಲಿದೆ. ಹೊಲಿಗೆ ಸೊಟ್ಟಗಿದೆ, ಬೈಬೇಡಿ."

ಅವಳು ಬೈಯಲಿಲ್ಲ. ಗೇಟಿನ ಸದ್ದಿಗೆ ಕಿವಿ ನಿಮಿರತೊಡಗಿದ್ದು ಅಂದಿನಿಂದಲೇ…

ಹೀಗಿರುವಾಗ ಒಂದು ಬೆಳಿಗ್ಗೆ ಹೆಡ್‌ಮಿಸ್ ಕರೆದರು.

"ಪೋಷಕರಿಂದ ಪತ್ರ ಬಂದಿದೆ. ಸೋಮವಾರದಿಂದ ಆಟ ವಾರಕ್ಕೊಂದೇ ದಿನ. ಉಳಿದ ದಿನ ಅಕ್ಷರ ತಿದ್ದಿಸೋಣ."

ಮೇಜಿನಲ್ಲಿದ್ದ ಲಕೋಟೆಯ ಮೇಲೆ ಕಂಡದ್ದು ಅವನ ಹೆಸರು.

ಅವಳು ನೇರ ಅಂಗಡಿಗೆ ಹೋದಳು.

"ಎದುರಿಗೆ ನಗ್ತಾ, ಹಿಂದೆ ಕತ್ತಿ ಮಸೀತೀರಾ? ಚೆಂಡು ಹಿಡಿಯೋಕೆ ಬಾರದ ಕೈ ಪೆನ್ಸಿಲ್ ಹೇಗೆ ಹಿಡಿಯುತ್ತೆ? ಸಾಲಲ್ಲಿ ಕಾಯೋದು, ಬಿದ್ದವರನ್ನ ಎಬ್ಬಿಸೋದು, ಇದೆಲ್ಲ ನಿಮಗೆ ಟೈಮ್ ಪಾಸಾ?"

ಅವನು ಕಣ್ಣಿನ ಭೂತಗನ್ನಡಿ ತೆಗೆದಿಟ್ಟ.

"ಪತ್ರ ಓದಿದ್ರಾ?"

"ಓದೋದೇನಿದೆ?"

"ಓದಿ. ಆಮೇಲೆ ಬೈಯಿರಿ." ಅವನ ದನಿಯೂ ಬಿಸಿಯಾಗಿತ್ತು.

ಅವಳು ಶಾಲೆಗೆ ಮರಳಿ ಪತ್ರ ಕೇಳಿದಾಗ ಹೆಡ್‌ಮಿಸ್ ಒಲ್ಲದ ಮನಸ್ಸಿನಿಂದ ಲಕೋಟೆ ಕೊಟ್ಟರು.

'ಆಟದ ಪೀರಿಯಡ್ ಕಡಿಮೆ ಮಾಡುತ್ತೀರೆಂದು ಕೇಳಿದೆವು. ದಯವಿಟ್ಟು ಬೇಡ. ತಾಯಿ ತೀರಿಕೊಂಡ ಮೇಲೆ ನಮ್ಮ ಗುಬ್ಬಿ ಮೊದಲು ಮಾತಾಡಿದ್ದು ಆ ಅಂಗಳದಲ್ಲಿ.' ಅವನ ಸಹಿಯ ಕೆಳಗೆ ಉಳಿದ ಹನ್ನೊಂದು ಮನೆಯವರ ಸಹಿ.

ಅವಳ ಕಣ್ಣು ತುಂಬಿತು. ಕೋಪವೂ ಬಂತು.

"ಮೇಡಂ, ಇದನ್ನ ದೂರು ಅನ್ನೋ ಹಾಗೆ ಹೇಳಿದ್ರಲ್ಲ?"

"ಪಕ್ಕದ ಸ್ಕೂಲಲ್ಲಿ ಮಕ್ಕಳು ಆಗ್ಲೇ ವಾಕ್ಯ ಬರೀತಾರಮ್ಮ…"

"ಹಾಗಾದ್ರೆ ಈ ಹನ್ನೊಂದು ಮನೆಯವ್ರಿಗೂ ನೀವೇ ಹೇಳಿ. ನಾನು ಹೇಳಲ್ಲ."

ಹೆಡ್‌ಮಿಸ್ ಹೊಸ ವೇಳಾಪಟ್ಟಿ ತೆಗೆದು ಹರಿದು ಹಾಕಿದರು.

ಸಂಜೆ ಅವಳು ಮತ್ತೆ ಅಂಗಡಿಯ ಮುಂದೆ ನಿಂತಳು.

"ತಪ್ಪಾಯ್ತು."

"ಒಂದು ಮಾತು ಕೇಳದೆ ಹೇಗೆ ನಂಬಿದ್ರಿ? ನಂಗಿನ್ನೂ ಕೋಪ ಇದೆ."

"ಬೇರೆ ಯಾರು ಬರೆದಿದ್ರೂ ನಂಗಿಷ್ಟು ಉರೀತಿರ್ಲಿಲ್ಲ."

ಅವನ ಕೈಯ ಕೆಲಸ ನಿಂತಿತು.

"ಯಾಕೆ?"

"ಅದನ್ನೂ ಬಿಡಿಸಿ ಹೇಳ್ಬೇಕಾ?"

"ಹೇಳಿ. ಕಿವಿಯಾರೆ ಕೇಳ್ಬೇಕು."

"ನಿಮ್ಮನ್ನ ಕಂಡ್ರೆ ಇಷ್ಟ. ಸಾಕಾ?"

ಅವನು ಮೆಲ್ಲನೆ ನಕ್ಕ. "ಇದನ್ನೂ ಬೈದೇ ಹೇಳ್ತೀರಲ್ಲ…"

"ಅಭ್ಯಾಸ ಮಾಡ್ಕೊಳ್ಳಿ."

"ಮಾಡ್ಕೋತೀನಿ," ಎಂದು ಅವನು ಅವಳಿಗೆ ಸ್ಟೂಲ್ ಸರಿಸಿದ.