ಗಾಜಿನ ಕೊಳವೆಯಲ್ಲಿ ಮೂರು ದಿಂಬು

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ದರ್ಜಿಯ ಹೆಂಡತಿ ಠಾಣೆಗೆ ಬಂದಳು. ಹೃದಯದ ಕವಾಟ ಕಿರಿದಾಗಿದ್ದ ಗಂಡ ಆಮ್ಲಜನಕದ ಚಿಕಿತ್ಸೆಗೆಂದು ಹೋಗಿ ಹೆಣವಾಗಿ ಹೊರಬಂದಿದ್ದ.

"ನಡ್ಕೊಂಡೇ ಹೋಗಿದ್ರು ಸರ್," ಎಂದಳು. ಎಫ್‌ಐಆರ್ ದಾಖಲಾಯಿತು.

"ಬರೀ ಗಾಳಿ ಕುಡಿದ್ರೂ ಸಾಯ್ತಾರಾ ಸರ್?" ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಕೇಳಿದ.

"ಅತಿಯಾದ್ರೆ ಅಮೃತನೂ ವಿಷ ಕಣಯ್ಯಾ," ಎಂದರು ಇನ್‌ಸ್ಪೆಕ್ಟರ್.

ಚಿಕಿತ್ಸಾ ಕೇಂದ್ರದಲ್ಲಿದ್ದದ್ದು ಒಬ್ಬರು ಮಲಗುವಷ್ಟು ದೊಡ್ಡ ಗಾಜಿನ ಕೊಳವೆ. ಬಾಗಿಲು ಬಿಗಿದು, ಒತ್ತಡ ಏರಿಸಿ, ಒಳಗೆ ಆಮ್ಲಜನಕ ತುಂಬುತ್ತಾರೆ. ಪಂಚನಾಮೆಯಲ್ಲಿ ಸೇರಿದ್ದು ಒಂದು ಹತ್ತಿಯ ಹೊದಿಕೆ, ತಲೆಯ ಕಡೆ ಮೂರು ದಿಂಬು. ಕೇಂದ್ರದ ವೈದ್ಯರು ರಜೆಯಲ್ಲಿದ್ದರು. ಫೋನಿನಲ್ಲಿ ಸಿಕ್ಕವರು ಸಿಡಿಮಿಡಿಗೊಂಡರು.

"ನನ್ನನ್ನ ಕೇಳದೆ ಹೃದ್ರೋಗಿನ ಒಳಗೆ ಬಿಟ್ಟಿದ್ಯಾರು? ಆ ಒತ್ತಡದಲ್ಲಿ ರಕ್ತನಾಳ ಬಿಗಿಯುತ್ತೆ. ಸೋತ ಹೃದಯಕ್ಕೆ ರಕ್ತ ತಳ್ಳೋಕಾಗಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತೆ."

ಶನಿವಾರ ಬಂದ ಮರಣೋತ್ತರ ವರದಿಯೂ ಅದನ್ನೇ ಹೇಳಿತು. ಯಂತ್ರ ನಡೆಸುವ ಆಪರೇಟರ್‌ನನ್ನು ಠಾಣೆಗೆ ಕರೆಸಿದರು.

"ಯಾಕೆ ಬಂದಿದ್ರು ಅವರು?"

"ಮಂಡಿನೋವು ಅಂದ್ರು ಸರ್. ಹೃದಯದ ವಿಷಯ ಬಾಯೇ ಬಿಡಲಿಲ್ಲ."

"ಎಲ್ಲರಿಗೂ ಎಷ್ಟು ದಿಂಬು ಕೊಡ್ತೀಯಾ?"

"ಒಂದು."

"ಮಂಡಿನೋವಿಗೆ ತಲೆ ಕೆಳಗೆ ಮೂರು ಯಾಕೆ?"

ಸೋತ ಹೃದಯದವರು ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಪೇರಿಸಿ ತಲೆ ಎತ್ತರಿಸಬೇಕು. ಇನ್‌ಸ್ಪೆಕ್ಟರ್ ತಮ್ಮ ತಂದೆಯ ಕೊನೆಗಾಲದಲ್ಲಿ ಅದನ್ನು ಕಣ್ಣಾರೆ ಕಂಡಿದ್ದರು.

"ಗೊತ್ತಿತ್ತು ಸರ್," ಎಂದ ಆಪರೇಟರ್ ಕೊನೆಗೆ. "ನಮ್ಮಮ್ಮಂಗೂ ಇದೇ ಕಾಯಿಲೆ. ಆಪರೇಷನ್ ತಡ್ಕೊಳ್ಳಲ್ಲ ಅಂದ್ರು ಡಾಕ್ಟರು. ಆಸ್ಪತ್ರೆ ಬೆಂಚಲ್ಲಿ ಇವರ ಪರಿಚಯ ಆಯ್ತು. ಇದರಿಂದ ಗುಣ ಆಗುತ್ತೆ ಅಂದೆ, ನಂಬಿದ್ರು. ಇವರಿಗೆ ಒಗ್ಗಿದ್ರೆ ಸೋಮವಾರ ಅಮ್ಮನ್ನೂ ಮಲಗಿಸೋಣ ಅಂತ..."

ಹೊರಗೆ ಬೆಂಚಿನ ಮೇಲೆ ದರ್ಜಿಯ ಹೆಂಡತಿ ಕೂತಿದ್ದಳು. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು.

"ಸೋಮವಾರ ಬರೋದು ಬೇಡ ಅಂತ ಅಮ್ಮಂಗೆ ಹೇಳಿಬಿಡಿ ಸರ್," ಎಂದು ಆಪರೇಟರ್ ಕೈಮುಗಿದ.

ಇನ್‌ಸ್ಪೆಕ್ಟರ್ ತಾವೇ ಫೋನ್ ಮಾಡಿದರು. ಆ ಕಡೆಯಿಂದ ಏದುಸಿರಿನ ದನಿ ಬಂತು.

"ಬೇಡ್ವಾ? ಆಗಲಿ ಬಿಡಪ್ಪಾ. ನಂಗೂ ಭಯ ಇತ್ತು. ಮೊದಲು ಬೇರೆ ಯಾರಿಗಾದ್ರೂ ಮಾಡಿ ನೋಡೋ ಅಂತ ಮಗನಿಗೆ ನಾನೇ ಹೇಳಿದ್ದೆ. ಅವರಿಗೆ ವಾಸಿ ಆಯ್ತಾ?"