ಚಿಗರಿ ಯುದ್ಧಕ್ಕೆ ನಿಂತದ್ದು

"ನಾಯಿ ಮಾರೂದಿಲ್ಲರಿ."

ಗೇಟಿನ ಹೊರಗೆ ನಿಂತಿದ್ದ ಅಕ್ಷತಾ ಇನ್ನೂ ಬಾಯಿ ತೆರೆದಿರಲಿಲ್ಲ. ತೊಯ್ದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಬಂದ ಗುರುಸಿದ್ದ ಅಷ್ಟು ಹೇಳಿ ಹಿಂದಕ್ಕೆ ತಿರುಗಿಯೂ ಬಿಟ್ಟಿದ್ದ.

"ನಾ ಕೊಳ್ಳಾಕ ಬಂದಿಲ್ಲರಿ. ನನಗ ಅದರ ಓಟ ಬೇಕಾಗೈತಿ."

ಅವನು ನಿಂತ. "ಓಟ?"

"ಹೂಂರಿ, ಓಟ ಅಷ್ಟ. ನಾಯಿ ನಿಮ್ಮಲ್ಲೇ ಇರಲಿ."

ಅವಳು ಬನಹಟ್ಟಿಯಿಂದ ಬಸ್ಸಿನಲ್ಲಿ ಮುಧೋಳಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಈ ಹೊಲದ ಮನೆ ಹುಡುಕಿದ್ದಳು. ಅಪ್ಪನ ಮಗ್ಗದ ಮನೆಯ ಮಹಡಿಯಲ್ಲಿ ಕೂತು, ಪುಣೆಯ ಒಂದು ವಿಡಿಯೋ ಗೇಮ್ ಕಂಪನಿಗೆ ಕೆಲಸ ಮಾಡುವವಳು. ಗೇಮಿನ ಪ್ರಾಣಿಗಳಿಗೆ ನಡಿಗೆ ಕಲಿಸುವುದೇ ಅವಳ ಕೆಲಸ. ಹಳೆಯ ಕಾಲದ ದಖನ್ನಿನ ಯುದ್ಧದ ಗೇಮ್ ಅದು. ಎಲ್ಲವೂ ನಿಜದಂತೆಯೇ ಇರಬೇಕು. ಕತ್ತಿ ಬೀಸಿ ಬೀಸಿ ಸೈನಿಕನ ಕೈ ಸೋಲಬೇಕು, ಗಾಯವಾದರೆ ಕುಂಟಬೇಕು. ಈಗ ಅದಕ್ಕೆ ಯುದ್ಧದ ಪ್ರಾಣಿಗಳನ್ನು ಸೇರಿಸುತ್ತಿದ್ದರು: ಕುದುರೆ, ಆನೆ, ನಾಯಿ.

ಆದರೆ ಯಾರೋ ತಂದು ಕೂರಿಸಿದ ನಾಯಿ ಪರದೇಶದ್ದು. ದಪ್ಪ ಕತ್ತು, ಗಿಡ್ಡ ಕಾಲು. ನಮ್ಮ ಸೀಮೆಯ ಸರದಾರನ ಪಕ್ಕದಲ್ಲಿ ಅದನ್ನು ಕಂಡ ದಿನ ಅಕ್ಷತಾಗೆ ಊಟ ಸೇರಲಿಲ್ಲ. ಟೀಮ್ ಲೀಡ್ ಒಂದೇ ಮಾತು ಹೇಳಿದ್ದ: "ತಿಂಗಳ ಕೊನೆಯೊಳಗೆ ನಿಮ್ಮ ನಾಯಿ ತೋರಿಸಿ. ಇಲ್ಲದಿದ್ದರೆ ನಾಯಿಯನ್ನೇ ತೆಗೆದುಬಿಡೋಣ, ಆನೆ ಕುದುರೆ ಸಾಕು."

ಗುರುಸಿದ್ದ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕೇಳಿದ, "ಆಟದಾಗ ನಾಯಿ ಸಾಯ್ತೈತೇನು?"

ಇಲ್ಲ ಎಂದಿದ್ದರೆ ಕೆಲಸ ಆಗಿಬಿಡುತ್ತಿತ್ತು.

"ಸಾಯ್ತೈತ್ರಿ. ಕತ್ತಿ ತಾಗಿದ್ರ ಯಾರಾದ್ರೂ ಸಾಯ್ತಾರ."

"ಹಂಗಾದ್ರ ಓಟಾನೂ ಇಲ್ಲ."

ಗೇಟು ಮುಚ್ಚಿತು.

ಮುಂದಿನ ಐತವಾರ ಅಕ್ಷತಾ ಮತ್ತೆ ಅದೇ ಗೇಟಿನ ಮುಂದೆ ನಿಂತಿದ್ದಳು. ಗುರುಸಿದ್ದನ ತಾಯಿ ಸಾವಿತ್ರೆವ್ವ ಕಟ್ಟೆಯ ಮೇಲೆ ಕೂತು ಹಾಲಿನಲ್ಲಿ ಜೋಳದ ರೊಟ್ಟಿ ಮುರಿದು ಹಾಕುತ್ತಿದ್ದಳು. ಪಕ್ಕದಲ್ಲಿ ಅವರ ಮುಧೋಳ ನಾಯಿ, ಚಿಗರಿ. ಹೊಸ ಬೆಲ್ಲದ ಬಣ್ಣ, ಉದ್ದನೆಯ ಮೂತಿ, ಒಳಗೆ ಸೇದಿಕೊಂಡ ಹೊಟ್ಟೆ. ಅದು ಅಕ್ಷತಾಳನ್ನು ಒಮ್ಮೆ ನೋಡಿ, ಇವಳು ತನ್ನ ಲೆಕ್ಕದಲ್ಲೇ ಇಲ್ಲ ಎಂಬಂತೆ ಮುಖ ತಿರುಗಿಸಿತು.

"ಬಿಸಿಲಾಗ ಯಾಕ ನಿಂತೀಯವ್ವಾ, ಒಳಗ ಬಾ. ಸಾಯೂದಿಲ್ಲ ಅಂತ ಅವತ್ತ ಒಂದು ಸುಳ್ಳು ಹೇಳಿದ್ರ ಏನ ಹೋಗ್ತಿತ್ತು ನಿಂದು?"

"ಅವತ್ತಿನ ಕೆಲಸ ಆಗ್ತಿತ್ರೀ. ಆಮ್ಯಾಲೆ ನಿಮ್ಮ ಮುಖಾ ನೋಡಾಕ ಆಗ್ತಿರಲಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಗುರುಸಿದ್ದನಿಗೆ ಅದು ಕೇಳಿಸಿತು. ಹೊರಗೆ ಬಂದು, ಅವಳ ಕಡೆ ನೋಡದೆ ಹೇಳಿದ, "ಒಂದ ಮಾತು. ಆಟದಾಗ ಅದು ಒಂಟಿಯಾಗಿ ಸಾಯಬಾರದು. ಅದರ ಮಾಲಕ ಢಾಲು ಹಿಡದು ಅದರ ಮುಂದ ನಿಂತಿರಬೇಕು. ಆಕ್ಕೈತೇನು?"

"ಆಕ್ಕೈತ್ರಿ. ಅಂಥಾ ಮಾಲಕನ್ನ ನಾನ ಮಾಡ್ತೇನಿ."

"ಮತ್ತ, ಅದನ್ನ ಮುಟ್ಟಬ್ಯಾಡ್ರಿ. ಹೊರಗಿನವರ ಕೈ ಅದಕ್ಕ ಆಗೂದಿಲ್ಲ."

ಕಬ್ಬು ಕಡಿದು ಹರಗಿದ ಹೊಲದಲ್ಲಿ, ಗುರುಸಿದ್ದ ಬೈಕಿನ ಹಿಂದೆ ಒಂದು ಬಟ್ಟೆ ಕಟ್ಟಿಕೊಂಡು ಓಡಿಸಿದ. ಚಿಗರಿ ಬೆನ್ನಟ್ಟಿತು. ಅಕ್ಷತಾ ಮೊಬೈಲಿನಲ್ಲಿ ಹಿಡಿದಳು, ಆಮೇಲೆ ಬೇವಿನ ನೆರಳಿನಲ್ಲಿ ಕೂತು ನಿಧಾನ ಮಾಡಿ ತೋರಿಸಿದಳು.

"ಇಲ್ನೋಡ್ರಿ, ನಾಲ್ಕೂ ಕಾಲು ಹೊಟ್ಟಿ ಕೆಳಗ ಕೂಡ್ಯಾವ, ಒಂದೂ ನೆಲಾ ಮುಟ್ಟಿಲ್ಲ. ಈಗ ನಾಲ್ಕೂ ಚಾಚ್ಯಾವ, ಆಗೂ ಮುಟ್ಟಿಲ್ಲ. ಒಂದ ನೆಗತಕ್ಕ ಎರಡ ಸಲ ಗಾಳ್ಯಾಗ ಇರ್ತೈತಿ!"

ಹುಟ್ಟಿದಾಗಿನಿಂದ ಈ ನಾಯಿಗಳ ನಡುವೆ ಬೆಳೆದ ಗುರುಸಿದ್ದ ಅದನ್ನು ಎಂದೂ ಹೀಗೆ ಕಂಡಿರಲಿಲ್ಲ. ಚಿಕ್ಕ ಪರದೆ, ಹತ್ತಿರ ಬಾಗಬೇಕಾಯಿತು. ಬಾಗಿದ ಮೇಲೆ ಅವನ ಕಣ್ಣು ಪರದೆಯ ಮೇಲೆ ನಿಲ್ಲಲಿಲ್ಲ.

"ನಾಯಿ ಇಲ್ಲೈತ್ರಿ," ಎಂದಳು ಅಕ್ಷತಾ, ತಲೆ ಎತ್ತದೆ.

"ಗೊತ್ತೈತ್ರಿ. ಬಿಸಿಲು ಎಲ್ಲಿ ಬಿದ್ದೈತಿ ಅಂತ ನೋಡಾಕತ್ತಿದ್ದೆ."

"ಬಿಸಿಲು ನನ್ನ ಕಿವಿ ಮ್ಯಾಲೆ ಬಿದ್ದೈತೇನು?"

"ಅಲ್ಲೇ ಬಿದ್ದೈತ್ರಿ," ಎಂದ ಅವನು.

ಅವಳು ನಗಲಿಲ್ಲ. ನಗು ತಡೆಯಲು ತುಟಿ ಕಚ್ಚಿಕೊಂಡದ್ದು ಮಾತ್ರ ಅವನಿಗೆ ಕಂಡಿತು.

ಐತವಾರಗಳು ಕಳೆದವು. ಓಟ ಪುಣೆಗೆ ಹೋಯಿತು, ಲೀಡ್ ಮೆಚ್ಚಿಕೊಂಡ. ಆದರೆ ಯುದ್ಧದ ನಾಯಿ ಬರೀ ಓಡಿದರೆ ಸಾಲದು, ವೈರಿಯ ಮೇಲೆ ಎರಗಬೇಕು, ಅದನ್ನು ಈ ವಾರವೇ ತೋರಿಸಿ ಎಂದ.

"ಕಚ್ಚಾಕ ನಾ ಕಲಸೂದಿಲ್ಲ," ಎಂದ ಗುರುಸಿದ್ದ.

"ಕಚ್ಚೂದು ಬ್ಯಾಡ್ರಿ, ಮ್ಯಾಲೆ ಬಂದ್ರ ಸಾಕು. ನಿಮ್ಮನ್ನ ಯಾರರೆ ಹೊಡಿಯಾಕ ಬಂದ್ರ ಸುಮ್ಮನ ಇರ್ತೈತೇನು?"

"ಇರೂದಿಲ್ಲ. ಆದ್ರ ಯಾರು ಹೊಡೀತಾರ?"

"ನಾ ಹೊಡೀತೇನಿ."

ಮೊಬೈಲನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಆನಿಸಿಟ್ಟು, ತೋಳಿಗೆ ಗೋಣಿಚೀಲ ಸುತ್ತಿಕೊಂಡು, ಬಿದಿರು ಎತ್ತಿ, ಕೂಗುತ್ತ ಅಕ್ಷತಾ ಅವನ ಮೇಲೆ ನುಗ್ಗಿದಳು. ಚಿಗರಿ ಎದ್ದು ಬಂತು. ಗುರ್ ಎನ್ನಲಿಲ್ಲ. ಅವಳ ಸುತ್ತ ಒಮ್ಮೆ ಸುಳಿದು, ಉದ್ದನೆಯ ಮೂತಿಯನ್ನು ಅವಳ ಅಂಗೈಯೊಳಗೆ ಇಟ್ಟಿತು.

ಅವಳು ಇನ್ನೂ ಜೋರಾಗಿ ಕೂಗಿದಳು. ಚಿಗರಿ ಅವಳ ಕಾಲಿಗೆ ಮೈ ಆನಿಸಿ ನಿಂತಿತು. ಕಟ್ಟೆಯ ಮೇಲೆ ಸಾವಿತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಏನಾತ್ರಿ ಇದಕ್ಕ?"

ಗುರುಸಿದ್ದನ ಕಿವಿಗಳು ಕೆಂಪಾಗಿದ್ದವು. "ಹೊರಗಿನವರಿಗೆ ಇದು ಹಿಂಗ ಮಾಡೂದಿಲ್ಲ. ನಾ ಏನೂ ಹೇಳಿಕೊಟ್ಟಿಲ್ಲ. ತಾನ ತಿಳಕೊಂಡೈತಿ."

"ಏನಂತ?"

"ನೀವು ಮನಿಯವರು ಅಂತ."

ಬಿದಿರು ಅಕ್ಷತಾಳ ಕೈಯಿಂದ ನಿಧಾನವಾಗಿ ಕೆಳಗಿಳಿಯಿತು. ಆದರೂ ಮೊಬೈಲಿನ ಕಡೆ ತಿರುಗಿ ಹೇಳಿದಳು, "ಹಂಗಾದ್ರ ಹೊರಗಿನವರು ಒಬ್ಬರನ್ನ ಕರೀರಿ."

"ಇಷ್ಟ ಹೇಳಿದ್ರೂ ನಿಮಗ ಯುದ್ಧದ್ದ ಚಿಂತಿ?"

"ಮೊದಲ ಯುದ್ಧ ಮುಗೀಲಿ. ಆಮ್ಯಾಲೆ ಆ ಮಾತು."

ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ, ಗುರುಸಿದ್ದನ ಗೆಳೆಯ ದುರಗೇಶ ಹೆಲ್ಮೆಟ್ ಹಾಕಿಕೊಂಡು, ಮೈಗೆಲ್ಲ ಹಳೆಯ ಕೌದಿ ಸುತ್ತಿಸಿಕೊಂಡು ಬಂದ.

"ಲೇ ಗುರ್ಯಾ, ನನಗ ಹೆಂಡ್ತಿ ಅದಾಳ ಅನ್ನೂದು ನೆನಪಿರಲಿ! ನಿನ್ನ ಲಗ್ನಕ್ಕ ನನ್ನ ಹೆಣಾ ಬೀಳಬಾರದು."

"ಯಾರ ಲಗ್ನಲೇ? ಮುಚ್ಕೊಂಡು ನಡಿ."

ದುರಗೇಶ ಬಡಿಗೆ ಎತ್ತಿ ಗುರುಸಿದ್ದನತ್ತ ಓಡಿದ. ಚಿಗರಿ ಸದ್ದಿಲ್ಲದೆ ನೆಗೆಯಿತು. ಮುಂಗಾಲು ಎರಡೂ ಎದೆಗೆ ಬಡಿದು, ದುರಗೇಶ ಕೌದಿಯ ಗಂಟಿನಂತೆ ಮಣ್ಣಿಗೆ ಉರುಳಿದ. ನಾಯಿ ಕಚ್ಚಲಿಲ್ಲ. ಬೆನ್ನ ಕೂದಲು ನಿಮಿರಿಸಿಕೊಂಡು, ಅವನು ಏಳುವವರೆಗೂ ಕಾದು ನಿಂತಿತು.

"ಬಂತು!" ಮೊಬೈಲಿನಲ್ಲಿ ಹಿಡಿಯುತ್ತಿದ್ದ ಅಕ್ಷತಾ ಕಿರುಚಿದಳು. "ಪೂರಾ ಬಂತು! ದುರಗೇಶಣ್ಣ, ಪೆಟ್ಟಾತೇನ್ರಿ?"

"ಪೆಟ್ಟಿಲ್ಲವ್ವಾ, ಮಾನ ಹೋತು."

ಆ ವಾರ ಅವಳು ಮಗ್ಗಗಳ ಸದ್ದಿನ ಮೇಲೆ ಕೂತು ಹಗಲೆಲ್ಲ ದುಡಿದಳು. ಪರದೆಯ ಮೇಲೆ ನಾಯಿ ಎರಗಿತು. ಅದರ ಮುಂದೆ ಮಂಡಿಯೂರಿ ಗುರಾಣಿ ಹಿಡಿದ ಸೈನಿಕನೂ ಸಿದ್ಧನಾದ. ಅವನ ಹೆಗಲು ಯಾರದೋ ಹೆಗಲಿನಂತಾಗಿದೆ ಎಂದು ತಿಳಿದೂ ಅವಳು ತಿದ್ದಲಿಲ್ಲ. ಅದನ್ನು ನೋಡಿ, ವಿಡಿಯೋ ಕಾಲ್ ಮುಗಿಸುತ್ತ ಲೀಡ್ ಹೇಳಿದ, "ನಾಯಿ ಇರಲಿ."

ಅದು ಐತವಾರವಲ್ಲ. ಆದರೂ ಅವಳು ಬಸ್ ಹತ್ತಿದಳು.

ಗುರುಸಿದ್ದ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಬದುವಿನ ಮೇಲೆ ಅವಳನ್ನು ಕಂಡು ಸಲಿಕೆ ಊರಿ ನಿಂತ.

"ಯುದ್ಧ ಮುಗೀತ್ರಿ. ನಾಯಿ ಉಳೀತು."

"ಛಲೋ ಆತು." ಅವನು ಸಲಿಕೆಯಿಂದ ಮಣ್ಣೆಳೆದು ನೀರು ತಿರುಗಿಸಿದ. "ಮತ್ತ... ಅವತ್ತಿನ ಮಾತಿಗೆ ಉತ್ತರ?"

"ನೀವೆಲ್ಲಿ ಕೇಳೀರಿ? ಕೇಳಿದ್ದು ನಾಯಿ. ನೀವು ನಿಮ್ಮ ಬಾಯಿಲೆ ಕೇಳ್ರಿ."

ಅವನು ಕೆಸರು ಕಾಲಲ್ಲೇ ಬದುವಿನ ಹತ್ತಿರ ಬಂದ. ಇಷ್ಟು ದಿನ ಅವಳೊಡನೆ ಮಾತಿಗೆ ಹಚ್ಚುತ್ತಿದ್ದ 'ರಿ' ಈಗ ಬಾಯಿಗೆ ಬರಲಿಲ್ಲ.

"ಅಕ್ಷತಾ, ನಮ್ಮ ಮನಿಗೆ ಬರ್ತೀಯೇನು? ಐತವಾರ ಒಂದಕ್ಕ ಅಲ್ಲ."

"ಬರ್ತೇನ್ರಿ. ನಮ್ಮ ಅಪ್ಪಾರ ಕಡೆ ಮಾತಾಡಾಕ ನಿಮ್ಮ ಅವ್ವಾರನ್ನ ಕಳಸ್ರಿ. ಆದ್ರ ಕೆಲಸ ಬಿಡೂದಿಲ್ಲ, ಈಗ ಹೇಳಿರ್ತೇನಿ. ಇನ್ನೂ ಆನಿ ಬಾಕಿ ಐತಿ."

"ಆನಿ?" ಅವನು ಗಾಬರಿಯಾದ. "ಆನಿ ಎಲ್ಲಿಂದ ತರಲಿ ನಾ?"

"ತರೂದ ಬ್ಯಾಡ. ಎಲ್ಲಿರ್ತೈತೋ ಅಲ್ಲಿಗೆ ನನ್ನ ಸಂಗಡ ಬರ್ರಿ, ಸಾಕು."

ಅವಳು ಚಪ್ಪಲಿ ಬಿಚ್ಚಿ ಬದುವಿನ ಮೇಲಿಟ್ಟು, ಅವನು ಚಾಚಿದ ಕೆಸರು ಕೈ ಹಿಡಿದುಕೊಂಡು ನೀರಿಗೆ ಇಳಿದಳು.