ಚಿಮಣಿ ಬೂದಿಯ ಜರ್ಮೇನಿಯಂ

ಕಪಾಟಿನ ಬೀಗ ಮುರಿದಿರಲಿಲ್ಲ. ಒಳಗಿನ ಗಾಜಿನ ಡಬ್ಬಿ ಮಾತ್ರ ಖಾಲಿ.

"ನಿನ್ನೆ ಸಂಜೆ ಇಲ್ಲೇ ಇತ್ತು ಸಾರ್!" ಎಂದ ರಸಾಯನಶಾಸ್ತ್ರ ಓದಿದ ಪಂಢರಿನಾಥ.

"ಇತ್ತೋ ಇಲ್ವೋ ಯಾವನಿಗೆ ಗೊತ್ತು!" ಎಂದು ಗುಡುಗಿದರು ಮಹಾಲಿಂಗಪ್ಪ. ಪ್ಯಾರೀಸ್ ಕಾರ್ನರ್‌ನ ಕಬ್ಬಿಣದ ಮಂಡಿ, ಅದರ ಹಿಂದಿನ ಪ್ರಯೋಗಶಾಲೆ ಎರಡೂ ಅವರವೇ. ಅವರ ಹುಟ್ಟೂರು ದಾವಣಗೆರೆ ಕಡೆ. "ಇವನು ವರ್ಷಗಟ್ಟಲೆ ಬೂದಿ ತರಿಸ್ದ. ಹೊಳೇಲಿ ಹುಣಸೆಹಣ್ಣು ತೊಳೆದಂಗಾತು! ನಾಳೆ ಬೊಂಬಾಯಿಂದ ರೇಡಿಯೋ ಕಂಪನಿಯೋರು ಬರ್ತಾರೆ. ಲೋಹ ಸಿಗದಿದ್ರೆ ಇಲ್ಲಿಗೆ ಬೀಗ, ಇವನಿಗೆ ಜೈಲು!"

ಸಬ್ ಇನ್ಸ್‌ಪೆಕ್ಟರ್ ವಿಷ್ಣುತೀರ್ಥ ತಿರುವಲ್ಲಿಕ್ಕೇಣಿಯಲ್ಲೇ ಹುಟ್ಟಿ ಬೆಳೆದ ಮಾಧ್ವ. ಇಂಥ ಕಳವು ಅವನು ಕಂಡಿರಲಿಲ್ಲ. ಹೋದದ್ದು ಗೋಲಿಯಷ್ಟು ಜರ್ಮೇನಿಯಂ. ಹೊಸ ಟ್ರಾನ್ಸಿಸ್ಟರ್ ರೇಡಿಯೋಗಳಿಗೆ ಬೇಕಾದ ಲೋಹ. ಕಾರ್ಖಾನೆ ಚಿಮಣಿಯ ಕಲ್ಲಿದ್ದಲು ಬೂದಿಯನ್ನು ಆಮ್ಲದಲ್ಲಿ ಕಾಯಿಸಿ, ಬಟ್ಟಿ ಇಳಿಸಿ, ಚಿಟಿಕೆ ಚಿಟಿಕೆಯಾಗಿ ತೆಗೆದದ್ದು.

"ಸೆರಿ. ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ, ಇವನ ಹತ್ರ, ಮ್ಯಾನೇಜರ್ ಹತ್ರ," ಎಂದರು ಮಹಾಲಿಂಗಪ್ಪ.

"ಹೊರಗೆ ಸಾಗಿಸಿದರೆ?"

"ಸಾಧ್ಯವೇ ಇಲ್ಲ ಸಾರ್," ಎಂದರು ಮ್ಯಾನೇಜರ್ ಮುರಳೀಧರ ರಾಯರು. "ಹೊರಡುವಾಗ ಕಾವಲುಗಾರ ಎಲ್ಲರ ಜೇಬು, ಚೀಲ ತಡಕ್ತಾನೆ. ನಿನ್ನೆ ಕೊನೇಲಿ ಹೋದದ್ದು ಪಂಢರಿನಾಥ. ಬೂದಿ ಮೂಟೇಲಿ ಬಚ್ಚಿಟ್ಟಿರಬಹುದು."

* * *

ಕಾನ್‌ಸ್ಟೇಬಲ್‌ಗಳು ಮೂಟೆಗಳನ್ನೆಲ್ಲ ಜರಡಿ ಹಿಡಿದರು. ಮೈತುಂಬ ಬೂದಿಯಾಗಿ ಬೈರಾಗಿಗಳಂತೆ ಹೊರಬಂದರು.

"ಒಣ್ಣುಮಿಲ್ಲೆ ಸಾರ್!"

ಏನೂ ಸಿಗಲಿಲ್ಲ. ಪಂಢರಿನಾಥ ತಲೆ ತಗ್ಗಿಸಿ ಕುಳಿತಿದ್ದ. ಅತ್ತ ಮಹಾಲಿಂಗಪ್ಪ ಬೆವರೊರೆಸಿಕೊಳ್ಳುತ್ತ ಇನ್ನೂ ಬೈಯುತ್ತಲೇ ಇದ್ದರು. ವಿಷ್ಣುತೀರ್ಥ ಅವರ ಹಣೆಯನ್ನೇ ದಿಟ್ಟಿಸಿದ. ಪ್ರಯೋಗಶಾಲೆಯ ದೇವರ ಗೂಡಿನಲ್ಲಿದ್ದ ಗಟ್ಟಿಯಿಂದ ಬೆಳಿಗ್ಗೆ ಹಚ್ಚಿಕೊಂಡ ವಿಭೂತಿಯ ಪಟ್ಟೆಗಳು ಬೆಳ್ಳಗಿರಲಿಲ್ಲ. ಬೂದು ಬೂದು, ನಡುವೆ ಹಳದಿ ಛಾಯೆ.

ಅವನು ಮ್ಯಾನೇಜರ್ ಕಡೆ ತಿರುಗಿದ.

"ಇದೇನು ರಾಯರೇ, ಹಣೆ ಬೋಳು? ಸೂತಕವೇ?"

"ಅಯ್ಯೋ, ಬಿಡ್ತು ಅನ್ನಿ! ಗೋಪೀಚಂದನ ಮುಗಿದಿತ್ತು, ಅಷ್ಟೇ."

"ಯಾವಾಗ ಮುಗೀತು?"

"ನಿನ್ನೆ," ಎನ್ನುತ್ತ ರಾಯರು ಬಾಗಿಲ ಕಡೆ ಒಂದು ಹೆಜ್ಜೆ ಸರಿದರು.

* * *

"ಯಜಮಾನ್ರೇ, ಗೂಡಿನಲ್ಲಿರೋ ನಿಮ್ಮ ವಿಭೂತಿ ಗಟ್ಟಿ ತನ್ನಿ. ನಾನು ಮುಟ್ಟೋದಿಲ್ಲ, ನೀವೇ ಒಡೀರಿ."

"ವಿಭೂತಿ ಒಡೆಯೋದಾ? ಏನ್ ಮಾತು ಅಂತ ಆಡ್ತೀರಿ!"

"ಅದು ವಿಭೂತಿ ಅಲ್ಲ."

ಮಹಾಲಿಂಗಪ್ಪ ಗೊಣಗುತ್ತಲೇ ಗಟ್ಟಿಯನ್ನು ನೆಲಕ್ಕೆ ಕುಕ್ಕಿದರು. ಎರಡು ಹೋಳಾಯಿತು. ನಡುವಿನಿಂದ ಹೊಳೆಯುವ ಲೋಹದ ಗುಂಡು ಉರುಳಿ ಬಂತು!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಮುರಳೀಧರ ರಾಯರು ಹಣೆ ಮುಟ್ಟಿಕೊಂಡರು.

"ಪೂಜೆಯ ವಸ್ತುವನ್ನು ಕಾವಲುಗಾರನೂ ತಡಕೋದಿಲ್ಲ, ಪೊಲೀಸರೂ ತಡಕೋದಿಲ್ಲ," ಎಂದ ವಿಷ್ಣುತೀರ್ಥ. "ವಿಭೂತಿ ಅಂದ್ರೆ ಬೂದಿ ತಾನೇ ಅಂತ ರಾಯರು ಚಿಮಣಿ ಬೂದಿಯನ್ನೇ ಕಲಸಿದರು. ಅದು ಉಂಡೆ ಕಟ್ಟಲಿಲ್ಲ. ಅಂಟಿಕೊಳ್ಳಲಿ ಅಂತ ಚೀಲದಲ್ಲಿದ್ದ ಗೋಪೀಚಂದನದ ಹಳದಿ ಮಣ್ಣನ್ನೆಲ್ಲ ತೇದು ಸೇರಿಸಿದರು. ಯಜಮಾನರ ಗಟ್ಟಿ ತೆಗೆದು ಅದರ ಜಾಗದಲ್ಲಿ ಇದನ್ನಿಟ್ಟರು. ಹಸಿ ಗಟ್ಟಿ ರಾತ್ರಿ ಗೂಡಿನಲ್ಲಿ ಒಣಗಲಿ, ಇವತ್ತು ಸಂಜೆ ಒಯ್ಯೋಣ ಅಂತ ಲೆಕ್ಕ. ಶೈವರ ಮನೆಯವರಾಗಿದ್ದರೆ ವಿಭೂತಿ ಗಟ್ಟಿ ಬೆಳ್ಳಗಿರುತ್ತೆ ಅಂತ ಗೊತ್ತಿರ್ತಿತ್ತು. ಪಂಢರಿನಾಥನ ಹಣೆ ನೋಡಿ, ನಾಮ ಎದ್ದು ಕಾಣುತ್ತೆ. ಗೋಪೀಚಂದನ ಖಾಲಿಯಾದದ್ದು ಒಬ್ಬರದೇ."

"ನಾನು ದಿನಾ ಕಣ್ಮುಚ್ಚಿ ಹಚ್ಕೊಂತೀನಿ," ಎಂದು ಮಹಾಲಿಂಗಪ್ಪ ಪೆಚ್ಚಾದರು.

"ತಪ್ಪಾಯ್ತು," ಎಂದು ಕುಸಿದರು ರಾಯರು. "ಇನ್ನೊಬ್ಬ ವ್ಯಾಪಾರಿ ಆಸೆ ಹುಟ್ಟಿಸಿಬಿಟ್ಟ." ಕಾನ್‌ಸ್ಟೇಬಲ್ ಅವರ ರಟ್ಟೆ ಹಿಡಿದ.

ಪಂಢರಿನಾಥ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೇಬಿಟ್ಟ. ಮಹಾಲಿಂಗಪ್ಪ ಅವನ ಮುಂದೆ ಬಂದು ನಿಂತರು.

"ನಿನ್ನ ಕಳ್ಳ ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ. ನಾಳೆ ಅವ್ರು ಬಂದಾಗ, ಇದನ್ನ ತೆಗೆದೋನು ಇವನು ಅಂತ ಹೇಳಿ ನಾನು ಕೂತ್ಬಿಡ್ತೀನಿ. ಮಾತೆಲ್ಲ ನಿಂದೇ."

ಪಂಢರಿನಾಥ ಕಣ್ಣೊರೆಸಿಕೊಂಡ.

"ಹಾಗಾದ್ರೆ ಯಜಮಾನ್ರೇ, ಇನ್ನೊಂದು ಲಾರಿ ಬೂದಿ ತರಿಸಿ."